ಗೆಜ್ಜೆ ಬಿಟ್ಟು ಓಡಿದ ರವಿವಾರ

ಖಾನಾಪುರದ ಟಪಾಲು ಕಚೇರಿಯಲ್ಲಿ ಸಿದ್ದಪ್ಪ ಎಂಬವನೊಬ್ಬನಿದ್ದ. ಓಡುವುದೇ ಅವನ ನೌಕರಿ. ಬೆಳಗಾವಿಯಿಂದ ರೈಲಿನಲ್ಲಿ ಬಂದ ಟಪಾಲನ್ನು ಚೀಲಕ್ಕೆ ತುಂಬಿ, ಬಾಯಿಗೆ ಅರಗು ಹಚ್ಚಿ, ಅವನ ಹೆಗಲಿಗೇರಿಸುತ್ತಿದ್ದರು. ಅವನು ಜಾಂಬೋಟಿಯ ಕಾಲುದಾರಿ ಹಿಡಿದು ಏಳು ಮೈಲು ಓಡಿ, ಅಡವಿಯ ನಡುವಿನ ಒಂದು ಗುಡಿಸಲಿನಲ್ಲಿ ಆ ಕಡೆಯಿಂದ ಬಂದ ಓಟಗಾರನಿಗೆ ಅದನ್ನು ಒಪ್ಪಿಸಿ, ಅವನ ಚೀಲ ಹೊತ್ತು ಮತ್ತೆ ಏಳು ಮೈಲು ಓಡಿ ಬರುತ್ತಿದ್ದ. ಕೈಯಲ್ಲಿ ಸರಕಾರದ ಈಟಿ. ಈಟಿಯ ಕೊರಳಿಗೆ ಹಿತ್ತಾಳೆಯ ಗೆಜ್ಜೆ. ಕರಡಿ, ಕಾಡುಕೋಣಗಳು ಸಪ್ಪಳ ಕೇಳಿ ದಾರಿ ಬಿಡಲಿ ಎಂದು ಗೆಜ್ಜೆ. ಬಿಡದಿದ್ದರೆ ಈಟಿ. ಹದಿನಾಲ್ಕು ವರ್ಷಗಳಲ್ಲಿ ಅವನು ಈಟಿಯನ್ನು ಎತ್ತಿದ್ದು ಒಂದೇ ಸಲ, ಅದೂ ಹಲಸಿನ ಹಣ್ಣು ಕೆಡವಲು.

ತಾನು ಓಡುವುದರಲ್ಲಿ ವಿಶೇಷವೇನಾದರೂ ಇದೆ ಎಂದು ಸಿದ್ದಪ್ಪನಿಗೆ ಎಂದೂ ಅನಿಸಿರಲಿಲ್ಲ. ಹಾಗೆ ಅನಿಸಿದ್ದು ಪೋಸ್ಟಮಾಸ್ತರ ಅವಧೂತರಾಯರಿಗೆ. ರಾಯರು ಕುರ್ಚಿಯಿಂದ ಏಳುವುದಕ್ಕೇ ಬೇಸರಪಡುವ ಮನುಷ್ಯ. ಆದರೆ ಅಂಗಸಾಧನೆಯ ಮೇಲೆ ಬರುವ ಒಂದು ಇಂಗ್ಲಿಷ್ ಮಾಸಿಕವನ್ನು ಬೆಳಗಾವಿಯ ಕ್ಯಾಂಪಿನಿಂದ ತರಿಸಿ, ಅದೇ ಕುರ್ಚಿಯಲ್ಲಿ ಕೂತು, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಿದ್ದರು. ೧೯೨೬ರಲ್ಲಿ ಶಿವರಾತ್ರಿ ಮುಗಿದ ಮೇಲೆ ಅವರಿಗೊಂದು ಸುದ್ದಿ ಸಿಕ್ಕಿತು. ಕ್ಯಾಂಪಿನ ಪಲ್ಟನ್ನಿನವರು ಪ್ರತಿವರ್ಷದ ಆಟೋಟಗಳ ಜೊತೆಗೆ ಈ ಸಲ ಊರವರೂ ಓಡಬಹುದಾದ ಒಂದು ದೊಡ್ಡ ಓಟ ಇಟ್ಟಿದ್ದರು.

"ಸಿದ್ದಪ್ಪಾ, ಕ್ಯಾಂಪಿನ್ಯಾಗ ಒಂದು ಓಟ ಅದ. ಏಳು ಮೈಲು. ನಿನ್ನ ಹೆಸರು ಕಳಿಸೀನಿ," ಎಂದರು ರಾಯರು.

"ಏಳು ಮೈಲು ಆದಮ್ಯಾಲೆ ಯಾರ ಕೈಯಾಗ ಕೊಡಬೇಕ್ರಿ?"

"ಏನು ಕೊಡೂದು?"

"ಟಪಾಲ್ರೀ."

"ಟಪಾಲ ಇಲ್ಲೋ. ಸುಮ್ಮನ ಓಡೂದು."

"ಹಂಗಾದ್ರ ಊರಿಗೆ ತಿರುಗಿ ಬರೂದು ಹೆಂಗ್ರಿ?"

"ರೈಲಿನ್ಯಾಗ. ಹೋಗೂದೂ ರೈಲಿನ್ಯಾಗ."

ಓಡಬೇಕಾದ ಕಡೆ ರೈಲಿನಲ್ಲಿ ಕೂರುವುದು, ರೈಲಿನಿಂದಿಳಿದು ಕಾರಣವಿಲ್ಲದೆ ಓಡುವುದು, ಇದು ಸಿದ್ದಪ್ಪನಿಗೆ ಸರಿ ಹೊಂದಲಿಲ್ಲ. ಆದರೆ ರಾಯರು ಒಳ್ಳೆಯವರು. ಮಳೆಗಾಲದಲ್ಲಿ ಹಳ್ಳ ಬಂದು ಟಪಾಲು ತಡವಾದಾಗಲೆಲ್ಲ ಮೇಲಿನವರಿಗೆ ಇವನ ಪರವಾಗಿ ಕಾಗದ ಬರೆದವರು. ಅವರ ಮಾತು ಮುರಿಯಲಾರದೆ ಹೂಂ ಎಂದ.

ಮನೆಯಲ್ಲಿ ಹೆಂಡತಿ ನಿಂಗವ್ವ ರೊಟ್ಟಿ ಬಡಿಯುತ್ತಲೇ ಎಲ್ಲವನ್ನೂ ಕೇಳಿಸಿಕೊಂಡಳು. "ದಿನಾ ಹದಿನಾಕು ಮೈಲು ಓಡತೀರಿ. ಐತವಾರ ಒಂದ ದಿನಾ ಮನ್ಯಾಗಿದ್ದು ಕಟಗಿ ಒಡೀತಿದ್ರಿ. ಇನ್ನ ಅದೂ ಇಲ್ಲ ಅನ್ರಿ," ಎಂದಷ್ಟೇ ಹೇಳಿದಳು.

ಅದು ನಿಜವಾಗಿತ್ತು. ತಾಲೀಮು ಬೇಕೇ ಬೇಕು, ಅದೂ ಟಪಾಲಿಗೆ ಸೂಟಿಯಿರುವ ರವಿವಾರವೇ ಆಗಬೇಕು ಎಂದು ರಾಯರು ಮಾಸಿಕ ನೋಡಿ ಗೊತ್ತುಮಾಡಿದ್ದರು. ಶನಿವಾರ ಸಂಜೆ ಸಿದ್ದಪ್ಪನನ್ನು ಎದುರು ನಿಲ್ಲಿಸಿಕೊಂಡು ನಿಯಮಗಳನ್ನು ಹೇಳಿದರು. ಚೀಲ ಬೇಡ. ಈಟಿ ಬೇಡ, ಗೆಜ್ಜೆಯಂತೂ ಬೇಡವೇ ಬೇಡ. ರುಮಾಲೂ ಬೇಡ, ತಲೆಗೆ ಗಾಳಿ ಆಡಬೇಕು. ಒಬ್ಬನೇ ಓಡಬೇಕು. ಬಾಯಿ ಮುಚ್ಚಿ ಮೂಗಿನಿಂದ ಉಸಿರಾಡಬೇಕು, ಆದ್ದರಿಂದ ದಾರಿಯಲ್ಲಿ ಯಾರ ಜೊತೆಗೂ ಮಾತಾಡಕೂಡದು. ಆ ಗುಡಿಸಲು ಮುಟ್ಟಿದಾಗ ಎಷ್ಟು ಹೊತ್ತಾಯಿತೆಂದು ನೋಡಿಕೊಂಡು ಬರಬೇಕು. ನೋಡಲಿಕ್ಕೆ ತಮ್ಮ ಬೆಳ್ಳಿಯ ಗಡಿಯಾರವನ್ನೇ ಬಿಚ್ಚಿ ಕೊಟ್ಟರು. ಮದುವೆಯಲ್ಲಿ ಮಾವ ಕೊಟ್ಟಿದ್ದ ಗಡಿಯಾರ. ಅದನ್ನು ಈವರೆಗೆ ಬೇರೆಯವರ ಕೈಗೆ ಕೊಟ್ಟವರಲ್ಲ.

"ಓಡುವಾಗ ಬಿದ್ದರ ಏನ್ ಮಾಡ್ಲಿರಿ?"

"ನೀ ಬೀಳು. ಗಡಿಯಾರ ಬೀಳಬಾರದು."

ಬೆಳಿಗ್ಗೆ ಆರಕ್ಕೆ ಸಿದ್ದಪ್ಪ ಹೊರಟ. ಮಲಪ್ರಭೆಯ ಮೇಲೆ ಮಂಜು ಕೂತಿತ್ತು. ದಂಡೆಯ ಮಾವಿನ ಮರಗಳು ಹೂ ಬಿಟ್ಟು ಗಾಳಿಯೆಲ್ಲ ಅದೇ ವಾಸನೆ. ಮೈಮೇಲೆ ತೋಳಿಲ್ಲದ ಬಂಡಿ ಅಂಗಿ, ಮೊಳಕಾಲ ಮೇಲೆ ಕಚ್ಚೆ ಕಟ್ಟಿದ ಪಂಚೆ. ಗಡಿಯಾರವನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡಿದ್ದರೂ ಧೈರ್ಯ ಸಾಲದೆ ಎಡಗೈಯಿಂದ ಅದನ್ನು ಒತ್ತಿ ಹಿಡಿದಿದ್ದ. ಬಲಗೈ ರೂಢಿಯಂತೆ ಇಲ್ಲದ ಈಟಿಯನ್ನು ಹಿಡಿದು ಮುಷ್ಟಿಯಾಗಿತ್ತು. ಓಟ ಮಾತ್ರ ಕುದುರಲಿಲ್ಲ. ಗೆಜ್ಜೆಯ ಸದ್ದಿಲ್ಲದೆ ಕಾಲಿಗೆ ಲೆಕ್ಕ ಸಿಗದು. ಒಂದು ಹೆಜ್ಜೆ ಉದ್ದ, ಒಂದು ಗಿಡ್ಡ. ಬೇರೆ ಯಾರದೋ ಕಾಲು ತೊಟ್ಟುಕೊಂಡು ಬಂದಂತೆ ಆಗುತ್ತಿತ್ತು.

ಊರ ಹೊರಗೆ ಹಂಚಿನ ಭಟ್ಟಿ. ಅದರ ಬಾಗಿಲ ಕಾಯುವ ದುಂಡಪ್ಪ ಜಾಲಿಕಡ್ಡಿಯಿಂದ ಹಲ್ಲುಜ್ಜುತ್ತ ನಿಂತಿದ್ದ. ದಿನವೂ ಗೆಜ್ಜೆ ಕೇಳಿ ಏಳುವವನು, ಇಂದು ಸದ್ದಿಲ್ಲದೆ ಬಂದ ಸಿದ್ದಪ್ಪನನ್ನು ಕಂಡು ಕಡ್ಡಿಯನ್ನು ಬಾಯಿಂದ ತೆಗೆದ.

"ಸಿದ್ದಪ್ಪಾ, ಚೀಲ ಎಲ್ಲೈತಿ?"

ಮಾತಾಡಕೂಡದಲ್ಲ. ಸಿದ್ದಪ್ಪ ಇಲ್ಲವೆಂದು ತಲೆ ಅಲ್ಲಾಡಿಸಿದ.

"ಈಟಿ?"

ಮತ್ತೆ ತಲೆ ಅಲ್ಲಾಡಿಸಿದ.

"ರುಂಬಾಲ?"

ಮೂರನೆಯ ಸಲ ತಲೆ ಅಲ್ಲಾಡಿಸಿ, ಬಾಯಿ ಬಿಗಿಹಿಡಿದು, ಮೂಗಿನಿಂದ ಬುಸುಗುಡುತ್ತ, ಎಡಗೈಯಿಂದ ಸೊಂಟ ಒತ್ತಿಕೊಂಡು ಸಿದ್ದಪ್ಪ ಮುಂದೆ ಹೋದ. ದುಂಡಪ್ಪ ಅವನ ಬೆನ್ನನ್ನೇ ನೋಡುತ್ತ ನಿಂತ. ಚೀಲ ಹೋಗಿದೆ, ಈಟಿ ಹೋಗಿದೆ, ತಲೆಯ ಮೇಲಿನ ಅರಿವೆಯನ್ನೂ ಕಳ್ಳರು ಬಿಟ್ಟಿಲ್ಲ. ಹೊಟ್ಟೆ ಹಿಡಿದುಕೊಂಡಿದ್ದಾನೆ, ಮಾತು ನಿಂತಿದೆ. ಇದೆಲ್ಲವನ್ನೂ ಕೂಡಿಸಿ ನೋಡಿದ ದುಂಡಪ್ಪ, ಅಂದು ಟಪಾಲಿಲ್ಲದ ರವಿವಾರವೆಂಬುದನ್ನೂ ಮರೆತು, ಬಾಯಿ ಸಹ ತೊಳೆಯದೆ ಪೊಲೀಸ್ ಠಾಣೆಯ ಕಡೆಗೆ ಓಡಿದ.

ಇತ್ತ ಸಿದ್ದಪ್ಪ ಮೂರು ಮೈಲು ಓಡಿ ಬಾಳವ್ವನ ಮನೆ ಮುಟ್ಟಿದ. ಅಡವಿ ಸುರುವಾಗುವಲ್ಲಿ ಅದೊಂದೇ ಮನೆ. ಬಾಳವ್ವನ ಒಬ್ಬನೇ ಮಗ ಗುರುಪುತ್ರಪ್ಪ ಪಲ್ಟನ್ನು ಸೇರಿ ಕರಾಚಿಯಲ್ಲಿದ್ದ. ಅವನ ಕಾಗದ ತಂದು ಕೊಡುವವನೂ ಓದಿ ಹೇಳುವವನೂ ಸಿದ್ದಪ್ಪನೇ. ಅಂಗಳ ಗುಡಿಸುತ್ತಿದ್ದ ಮುದುಕಿ ತಲೆಯೆತ್ತಿ ನೋಡಿದಳು. ರವಿವಾರ. ಚೀಲವಿಲ್ಲ, ಗೆಜ್ಜೆಯಿಲ್ಲ, ಬರಿದಲೆ. ಕಾಗದವಾದರೆ ಚೀಲದ ಜೊತೆಗೆ ಬರುತ್ತದೆ; ಚೀಲವಿಲ್ಲದೆ ಓಡಿ ಬರುವುದು ತಂತಿಯ ಸುದ್ದಿ, ತಾರು ಒಂದೇ. ತಾರಿನಲ್ಲಿ ಯಾರೂ ಕ್ಷೇಮಸಮಾಚಾರ ಬರೆಯುವುದಿಲ್ಲ. ಅವಳ ಕೈಯಿಂದ ಕಸಬರಿಗೆ ಜಾರಿತು.

"ಯಪ್ಪಾ ಸಿದ್ದಪ್ಪಾ, ನನ್ನ ಮಗಗ ಏನಾತೋ?"

ಸಿದ್ದಪ್ಪ ಇಲ್ಲವೆಂದು ತಲೆ ಅಲ್ಲಾಡಿಸಿದ. ಅದು ದೊಡ್ಡ ತಪ್ಪಾಯಿತು. ಆ ಹೊತ್ತಿನಲ್ಲಿ, ಆ ಮೋರೆಯಲ್ಲಿ ತಲೆ ಅಲ್ಲಾಡಿಸಿದರೆ ಅದರ ಅರ್ಥ ಒಂದೇ. ಬಾಳವ್ವ ಅಂಗಳದಲ್ಲಿ ಕುಸಿದು ಕೂತು ಎದೆ ಬಡಿದುಕೊಳ್ಳತೊಡಗಿದಳು. ಸಿದ್ದಪ್ಪನ ಬಾಯಿ ತಾನಾಗಿ ತೆರೆಯಿತು.

"ಏನೂ ಆಗಿಲ್ಲ ಬೇ ಯವ್ವಾ. ಗುರುಪುತ್ರ ಗಟ್ಟಿ ಅದಾನ. ತಾರಿಲ್ಲ, ಟಪಾಲಿಲ್ಲ. ನಾ ಸುಮ್ನ ಓಡಾಕತ್ತೀನಿ."

"ಸುಮ್ನ ಯಾರರ ಓಡತಾರನೋ? ನನ್ನ ಮುಂದ ಮುಚ್ಚಿಡಬ್ಯಾಡ."

"ಖರೇನ ಸುಮ್ನ. ರಾಯರು ಓಡು ಅಂದಾರ."

"ರಾಯರು ಯಾಕ ಅಂದ್ರು?"

ಸಿದ್ದಪ್ಪ ತಡವರಿಸಿದ್ದನ್ನು ಕಂಡು ಮುದುಕಿಯ ಅಳು ಇನ್ನಷ್ಟು ಏರಿತು. ಕೊನೆಗೆ ಅವನು ಒಳಗೆ ಹೋಗಿ, ಗೂಡಿನಲ್ಲಿದ್ದ ಹಿಂದಿನ ತಿಂಗಳ ಕಾಗದ ತೆಗೆದು, ಅವಳೆದುರು ಕುಕ್ಕರುಗಾಲಲ್ಲಿ ಕೂತು ಮೊದಲಿನಿಂದ ಓದಿದ. ಈ ಮೊದಲೇ ನಾಲ್ಕು ಸಲ ಓದಿದ ಕಾಗದ. ಕರಾಚಿಯಲ್ಲಿ ಚಳಿಯಿದೆ, ಹೊಸ ಕಂಬಳಿ ಕೊಟ್ಟಿದ್ದಾರೆ, ಎಮ್ಮೆ ಈದಿತೇ ತಿಳಿಸಬೇಕು. ಕಂಬಳಿಯ ಮಾತಿಗೆ ಬಾಳವ್ವನ ಅಳು ಇಳಿಯಿತು, ಎಮ್ಮೆಯ ಮಾತಿಗೆ ನಿಂತಿತು. ಇನ್ನೊಮ್ಮೆ ಓದೆಂದಳು. ಅವನು ಇನ್ನೊಮ್ಮೆ ಓದಿದ.

"ಹಸಗೊಂಡು ಓಡಬ್ಯಾಡಪಾ," ಎಂದು ಅವಳು ದೊಡ್ಡ ಗಡಿಗೆಯಿಂದ ಅಂಬಲಿ ಬಗ್ಗಿಸಿ ಕೊಟ್ಟಳು. ಬೇಡವೆಂದರೆ ಮತ್ತೆ ಸಂಶಯಪಟ್ಟಾಳೆಂದು ಸಿದ್ದಪ್ಪ ಒಂದು ತಂಬಿಗೆ ಕುಡಿದ. ಅವಳು ಇನ್ನೊಂದು ತುಂಬಿದಳು. ಅದನ್ನೂ ಕುಡಿದ.

ಅಲ್ಲಿಂದ ಮುಂದೆ ಹೊಟ್ಟೆಯಲ್ಲಿ ಅಂಬಲಿ ತುಳುಕಿತು. ಎರಡು ಹೆಜ್ಜೆ ಓಡಿದರೆ ನಾಲ್ಕು ಹೆಜ್ಜೆ ನಡೆಯಬೇಕು. ಅಡವಿ ದಟ್ಟವಾಯಿತು. ಎಲೆ ಉದುರಿದ ಮುತ್ತಲ ಮರಗಳ ತುಂಬ ಕೆಂಪು ಹೂ. ಹದಿನಾಲ್ಕು ವರ್ಷ ಅದೇ ದಾರಿಯಲ್ಲಿ ಓಡಿದ್ದರೂ ಅಡವಿಯ ಸಪ್ಪಳ ಸಿದ್ದಪ್ಪನಿಗೆ ಗೊತ್ತಿರಲಿಲ್ಲ. ಗೆಜ್ಜೆಯ ಸಪ್ಪಳದಲ್ಲಿ ಅದು ಕೇಳುತ್ತಿರಲಿಲ್ಲ. ಈಗ ಎಲ್ಲವೂ ಕೇಳಿಸಿತು. ಎಲೆ ಬಿದ್ದದ್ದು, ಯಾವುದೋ ಹಕ್ಕಿ ಟೊಂಗೆ ಕುಟ್ಟಿದ್ದು, ಪೊದೆಯಲ್ಲಿ ಏನೋ ಸರಿದದ್ದು. ಧೈರ್ಯಕ್ಕೆ ಬಾಯಿಂದಲೇ "ಛಲ್ ಛಲ್, ಛಲ್ ಛಲ್" ಎನ್ನುತ್ತ ನಡೆದ. ಕಾಲು ಕೂಡ ಸ್ವಲ್ಪ ಲಯಕ್ಕೆ ಬಂತು.

ಐದನೆಯ ಮೈಲಿನ ತಿರುವಿನಲ್ಲಿ ಕಾಡುಕೋಣ ನಿಂತಿತ್ತು.

ದಾರಿಯ ನಟ್ಟನಡುವೆ, ಅಡ್ಡಲಾಗಿ, ಮನೆಯ ಗೋಡೆಯ ಹಾಗೆ. ಕಾಲಿಗೆ ಬಿಳಿಯ ಪಟ್ಟಿ ಸುತ್ತಿದಂತಿತ್ತು. ಅದು ಮೆಲುಕು ಹಾಕುತ್ತ ಸಿದ್ದಪ್ಪನನ್ನು ನೋಡಿತು. ಸಿದ್ದಪ್ಪ "ಛಲ್ ಛಲ್" ಎಂದ. ಅದು ಮೆಲುಕು ನಿಲ್ಲಿಸಿ ಕಿವಿ ಮುಂದೆ ಮಾಡಿತು. ಇನ್ನೊಮ್ಮೆ ಮೆಲ್ಲಗೆ "ಛಲ್" ಎಂದ. ಅದು ಒಂದು ಹೆಜ್ಜೆ ಅವನ ಕಡೆಗೇ ಇಟ್ಟಿತು. ಬೇರೆ ದಿನವಾಗಿದ್ದರೆ, ಇದು ಸರಕಾರದ ಟಪಾಲು, ದಾರಿ ಬಿಡು ಎಂದು ಮನಸ್ಸಿನಲ್ಲಾದರೂ ಅನ್ನಬಹುದಿತ್ತು. ಇಂದು ಅವನು ಸರಕಾರದ ಕೆಲಸದಲ್ಲಿಯೂ ಇರಲಿಲ್ಲ. ಪಕ್ಕದ ಮತ್ತಿಯ ಮರ ಹತ್ತಿದ.

ಕಾಡುಕೋಣ ಬಂದು ಮರದ ಕೆಳಗೆ ನಿಂತಿತು. ಸ್ವಲ್ಪ ಹೊತ್ತಿಗೆ ಅಲ್ಲಿಯೇ ಮಲಗಿತು. ಸಿದ್ದಪ್ಪ ಟೊಂಗೆಯ ಮೇಲೆ ಕೂತು ಗಡಿಯಾರ ಬಿಚ್ಚಿ ನೋಡಿದ. ಏಳೂ ಮುಕ್ಕಾಲು. ಮತ್ತೆ ನೋಡಿದಾಗ ಎಂಟೂ ಕಾಲು. ಇರುವೆಗಳು ಬಂದವು. ರಾಯರು ಹೇಳಿದ ನಿಯಮಗಳಲ್ಲಿ ಒಂದು ಮಾತ್ರ ಈಗ ಸರಿಯಾಗಿ ನಡೆದಿತ್ತು. ಅವನು ಬಾಯಿ ಮುಚ್ಚಿ ಮೂಗಿನಿಂದ ಉಸಿರಾಡುತ್ತಿದ್ದ.

ಎಂಟೂವರೆ ದಾಟಿದ ಮೇಲೆ ದೂರದಲ್ಲಿ ಗದ್ದಲ ಕೇಳಿತು. ಹವಾಲ್ದಾರ ಕೃಷ್ಣಾಜಿ, ಇಬ್ಬರು ಸಿಪಾಯಿಗಳು, ದಾರಿ ತೋರಿಸಲು ದುಂಡಪ್ಪ, ನೋಡಲೆಂದು ಬಂದ ಭಟ್ಟಿಯ ಐದಾರು ಆಳುಗಳು. ಬಡಿಗೆಯಿಂದ ಪೊದೆ ಬಡಿಯುತ್ತ, ಒಬ್ಬರಿಗೊಬ್ಬರು ಧೈರ್ಯ ಹೇಳುತ್ತ ಬರುತ್ತಿದ್ದರು. ಆ ಗಲಾಟೆಗೆ ಕಾಡುಕೋಣ ಬೇಸರದಿಂದ ಎದ್ದು, ಮೈ ಝಾಡಿಸಿ, ಅಡವಿಯೊಳಗೆ ಹೋಯಿತು. ಬಂದವರ್ಯಾರೂ ಅದನ್ನು ನೋಡಲಿಲ್ಲ. ಅವರು ನೋಡಿದ್ದು ಮರದ ಮೇಲಿದ್ದ ಸಿದ್ದಪ್ಪನನ್ನು.

"ಎಷ್ಟು ಮಂದಿ ಇದ್ರು?" ಎಂದು ಹವಾಲ್ದಾರ ಕೆಳಗಿನಿಂದ ಕೇಳಿದ.

"ಒಂದ ಇತ್ರಿ," ಎಂದ ಸಿದ್ದಪ್ಪ.

"ಒಬ್ಬ ಕಳ್ಳಗ ಅಂಜಿ ಚೀಲ ಕೊಟ್ಟಿ?"

"ಕಳ್ಳ ಅಲ್ರಿ, ಕಾಡಕ್ವಾಣ."

"ಕಾಡಕ್ವಾಣ ಟಪಾಲ ಒಯ್ತು?"

ಕೆಳಗಿಳಿದು ಸಿದ್ದಪ್ಪ ಎಲ್ಲ ಹೇಳಿದ. ಚೀಲ ಹೋಗಿಲ್ಲ, ಅದು ಕಚೇರಿಯಲ್ಲಿಯೇ ಇದೆ. ಈಟಿಯೂ ಅಲ್ಲಿಯೇ. ಯಾರೂ ಹೊಡೆದಿಲ್ಲ. ತಾನು ಸುಮ್ಮನೆ ಓಡುತ್ತಿದ್ದೆ. ಕೃಷ್ಣಾಜಿ ಇಪ್ಪತ್ತು ವರ್ಷ ಪೊಲೀಸ್ ನೌಕರಿ ಮಾಡಿದವನು. ಸುಮ್ಮನೆ ಓಡುತ್ತಿದ್ದೆ ಎಂದು ಅವನಿಗೆ ಬಹಳ ಮಂದಿ ಹೇಳಿದ್ದರು.

"ಸ್ವಾಂಟದಾಗ ಏನೈತಿ?"

ಸಿದ್ದಪ್ಪ ಬಟ್ಟೆ ಬಿಚ್ಚಿ ತೋರಿಸಿದ. ಬೆಳ್ಳಿಯ ಗಡಿಯಾರ ಬಿಸಿಲಿಗೆ ಮಿಂಚಿತು. ಅದರ ಬೆನ್ನಿನ ಮೇಲೆ ಅವಧೂತರಾಯರ ಹೆಸರು ಕೊರೆದಿತ್ತು. ಹವಾಲ್ದಾರ ಅದನ್ನು ಓದಿ, ಎರಡು ಸಲ ತಿರುವಿ, ದುಂಡಪ್ಪನ ಕಡೆ ನೋಡಿದ. ದುಂಡಪ್ಪ ಸಿಪಾಯಿಗಳ ಕಡೆ ನೋಡಿದ. ಬೆಳಗಿನಿಂದ ಬಿಡಿಸಲಾಗದೆ ಉಳಿದಿದ್ದ ಕಗ್ಗಂಟು ಎಲ್ಲರ ಮನಸ್ಸಿನಲ್ಲಿಯೂ ಒಮ್ಮೆಲೇ ಬಿಚ್ಚಿಕೊಂಡಿತು. ಎಲ್ಲರಿಗೂ ಒಂದು ನಮೂನೆ ಸಮಾಧಾನವೇ ಆಯಿತು.

"ಅದಕ್ಕ ಓಡಾಕತ್ತಿದ್ದ," ಎಂದ ದುಂಡಪ್ಪ.

"ರಾಯರ ಕೊಟ್ಟಾರ್ರಿ. ಬೇಕಾದ್ರ ನಾ ಈಗ ಓಡಿ ಹೋಗಿ ಕೇಳಿ ಬರತೀನಿ," ಎಂದ ಸಿದ್ದಪ್ಪ.

"ಓಡಿದ್ರ ಕೈಗೆ ಹಗ್ಗಾ ಕಟ್ಟತೀನಿ. ನಡಿ," ಎಂದ ಹವಾಲ್ದಾರ.

ಹೀಗೆ ಸಿದ್ದಪ್ಪ ಆ ದಾರಿಯಲ್ಲಿ ಹದಿನಾಲ್ಕು ವರ್ಷಗಳಲ್ಲಿ ಮೊದಲ ಸಲ ಐದು ಮೈಲು ನಡೆದ. ನಡೆಯುವುದು ಓಡುವುದಕ್ಕಿಂತ ಇಷ್ಟು ದಣಿವಿನ ಕೆಲಸವೆಂದು ಅವನಿಗೆ ಗೊತ್ತಿರಲಿಲ್ಲ. ಬಾಳವ್ವನ ಮನೆಯ ಮುಂದೆ ಬಂದಾಗ ಅವಳು ಪೊಲೀಸರನ್ನು ನೋಡಿ, "ಅಂವ ಏನೂ ಮಾಡಿಲ್ರೋ, ಸುಮ್ನ ಓಡಾಕತ್ತಾನ," ಎಂದು ಅವನ ಪರವಾಗಿ ಗಟ್ಟಿಯಾಗಿ ಸಾಕ್ಷಿ ಹೇಳಿದಳು. ಅದು ಯಾರ ಕಿವಿಗೂ ಹೋಗಲಿಲ್ಲ. ಎಲ್ಲರಿಗೂ ಅಂಬಲಿ ಕೊಟ್ಟಳು. ಅದನ್ನು ಕುಡಿದು ಮುಂದೆ ನಡೆದರು.

ಊರು ಹೊಕ್ಕಾಗ ಹಿಂದೆ ಮೂವತ್ತು ನಾಲ್ವತ್ತು ಮಂದಿ ಕೂಡಿದ್ದರು. ನಿಂಗವ್ವ ಕೊಡ ಹೊತ್ತು ಎದುರಿಗೆ ಬಂದವಳು ಗಂಡನನ್ನು ಕಂಡು ನಿಂತಳು. ಅವನ ಮೈಮೇಲಿನ ಇರುವೆ ಕಡಿದ ಗುರುತುಗಳನ್ನು ನೋಡಿದಳು, ಹವಾಲ್ದಾರನನ್ನು ನೋಡಿದಳು. "ಕಟಗಿ ಒಡೀರಿ ಅಂದಿದ್ನಲ್ಲ," ಎಂದು ಹೇಳಿ ಮೆರವಣಿಗೆಯ ಜೊತೆ ತಾನೂ ನಡೆದಳು.

ಅವಧೂತರಾಯರು ಕಚೇರಿಯ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಏಳೂವರೆಯಿಂದ ಕಾಯುತ್ತಿದ್ದರು. ಗುಂಪು ಬಂತು, ಪೊಲೀಸರು ಬಂದರು, ನಡುವೆ ಸಿದ್ದಪ್ಪ ಬಂದ. ರಾಯರು ಎದ್ದು ನಿಂತು ಮೊದಲು ಕೇಳಿದ್ದು ಒಂದೇ ಮಾತು.

"ಎಷ್ಟು ನಿಮಿಷಾ?"

"ನಾಕೂವರೆ ತಾಸ್ರಿ," ಎಂದ ಸಿದ್ದಪ್ಪ.

ರಾಯರು ಮತ್ತೆ ಕುರ್ಚಿಯಲ್ಲಿ ಕೂತುಬಿಟ್ಟರು. ಗಡಿಯಾರದ ಸಂಗತಿ ಬಗೆಹರಿಯಲು ಮುಂದೆ ಎರಡು ಮಾತು ಸಾಕಾದವು. ಹವಾಲ್ದಾರ ಕ್ಷಮೆಯೇನೂ ಕೇಳಲಿಲ್ಲ. ಇನ್ನು ಮೇಲೆ ಹೀಗೆ ಕಾರಣವಿಲ್ಲದೆ ಯಾರನ್ನಾದರೂ ಓಡಿಸುವುದಿದ್ದರೆ ಮೊದಲು ಠಾಣೆಗೆ ತಿಳಿಸಬೇಕೆಂದು ರಾಯರಿಗೇ ಹೇಳಿ ಹೋದ. ದುಂಡಪ್ಪ ಮಾತ್ರ ಬಹಳ ಹೊತ್ತು ಅಲ್ಲಿಯೇ ಸುಳಿದಾಡಿ, "ಹೊಟ್ಟಿಗೆ ಚಾಕು ಹಾಕ್ಯಾರಂತ ತಿಳದಿದ್ನೋ ಸಿದ್ದಪ್ಪಾ. ನಿನ್ನ ಸಲುವಾಗೇ ಓಡಿದ್ದು," ಎಂದ. ಸಿದ್ದಪ್ಪನಿಗೂ ಅದು ಅರ್ಥವಾಗಿತ್ತು. ಎಲೆ ಅಡಿಕೆ ಕೊಟ್ಟು ಕಳಿಸಿದ.

ಆಮೇಲೆ ತಾಲೀಮಿನ ಮಾತು ಬರಲಿಲ್ಲ. ಸಿದ್ದಪ್ಪ ಒಂದೇ ಒಂದು ಕೇಳಿಕೊಂಡ: ಓಡುವುದೇ ಆದರೆ ಈಟಿ, ಗೆಜ್ಜೆ ಕೊಡಬೇಕು. ರಾಯರು ಮಾಸಿಕವನ್ನು ಮಡಚಿಟ್ಟು ಕ್ಯಾಂಪಿನವರಿಗೆ ಕಾಗದ ಬರೆದರು. ಅಲ್ಲಿಯ ಸಾಹೇಬ ನಕ್ಕು ಒಪ್ಪಿಗೆ ಕೊಟ್ಟನಂತೆ.

ಹೋಳಿ ಹುಣ್ಣಿವೆಯ ಮಾರನೆಯ ವಾರ ಓಟ ನಡೆಯಿತು. ಪಲ್ಟನ್ನಿನ ಸಿಪಾಯಿಗಳು, ಕುಸ್ತಿಯ ಹುರಿಯಾಳುಗಳು, ಹಾಲು ಮಾರುವವರು ಸೇರಿ ನಾಲ್ವತ್ತು ಜನ. ಎಲ್ಲರೂ ಬರಿಗೈ, ಇವನೊಬ್ಬ ಖಾಕಿ ಅಂಗಿ, ರುಮಾಲು, ಈಟಿ, ಗೆಜ್ಜೆ. ಓಟ ಸುರುವಾಗುವ ಮೊದಲೇ ಮಂದಿ ನಕ್ಕರು. ಆದರೆ ಕ್ಯಾಂಪಿನ ಮೈದಾನ ಬಿಟ್ಟು ರಸ್ತೆಗಿಳಿದ ಕೂಡಲೆ ಆ ಗೆಜ್ಜೆ ತನ್ನ ಕೆಲಸ ಮಾಡಿತು. ಸಪ್ಪಳ ಕೇಳಿ ಟಾಂಗಾದವರು ಬಾಜೂಕ ಸರಿದರು, ಚಕ್ಕಡಿಯವರು ಎತ್ತಿನ ಹಗ್ಗ ಜಗ್ಗಿದರು. ಮುಂದೆ ಓಡುತ್ತಿದ್ದವರಲ್ಲಿಯೂ ಹೆಚ್ಚಿನವರು ಹಳ್ಳಿಯವರು. ಹಿಂದೆ ಟಪಾಲು ಬಂತೆಂದು ರೂಢಿಯಂತೆ ದಾರಿ ಬಿಟ್ಟು ನಿಂತರು. ತಾವು ಪೈಪೋಟಿಯಲ್ಲಿದ್ದೇವೆ ಎಂದು ನೆನಪಾಗುವಷ್ಟರಲ್ಲಿ ಸಿದ್ದಪ್ಪ ಒಂದು ಫರ್ಲಾಂಗು ಮುಂದೆ ಹೋಗಿರುತ್ತಿದ್ದ. ಹೀಗೆ ಮೂವತ್ತೇಳು ಜನರನ್ನು ದಾಟಿ ಮೂರನೆಯವನಾಗಿ ಬಂದ. ಉಳಿದಿಬ್ಬರು ಬಡಗಣ ಗುಡ್ಡಗಾಡಿನ ಸಿಪಾಯಿಗಳು. ಅವರ ಊರಿಗೆ ಟಪಾಲೇ ಹೋಗುವುದಿಲ್ಲ, ಅದಕ್ಕೇ ಸರಿಯಲಿಲ್ಲ ಎಂದು ರಾಯರು ಕೊನೆಯವರೆಗೂ ವಾದಿಸಿದರು.

ಮೂರನೆಯ ಬಹುಮಾನ ಒಂದು ಜೋಡು ಬೂಟು. ಪಲ್ಟನ್ನಿನ ಬೂಟು, ಅಡಿಗೆ ಕಬ್ಬಿಣದ ಮೊಳೆ, ಒಂದೊಂದು ಎರಡೆರಡು ಸೇರು ತೂಕ. ಸಿದ್ದಪ್ಪ ಮನೆಯಲ್ಲಿ ಅವನ್ನು ಹಾಕಿಕೊಂಡು ಬಾಗಿಲಿನಿಂದ ಒಲೆಯವರೆಗೆ ನಡೆದು ನೋಡಿ, ಬಿಚ್ಚಿ, ದುಂಡಪ್ಪನಿಗೆ ಕೊಟ್ಟ. ಅವನು ನಾಲ್ಕು ದಿನ ಹೆಮ್ಮೆಯಿಂದ ತೊಟ್ಟು ಭಟ್ಟಿ ಕಾಯ್ದ. ಬೂಟಿನ ಸಪ್ಪಳ ಎರಡು ಹೊಲದಾಚೆ ಕೇಳುತ್ತಿದ್ದುದರಿಂದ ಕಾವಲುಗಾರ ಎಲ್ಲಿದ್ದಾನೆಂದು ಕಟ್ಟಿಗೆ ಕದಿಯುವವರಿಗೆ ಸರಿಯಾಗಿ ಗೊತ್ತಾಗತೊಡಗಿತು. ಭಟ್ಟಿಯ ಮಾಲಕ ಬಿಚ್ಚಿಸಿದ. ಬೂಟು ತಿರುಗಿ ಬಂದವು.

ನಿಂಗವ್ವ ಅವನ್ನು ಲಾಡಿಯಿಂದ ಜಂತಿಗೆ ತೂಗುಹಾಕಿ ಬೀಜ ತುಂಬಿಟ್ಟಳು. ಎಡಗಾಲಿನದರಲ್ಲಿ ಸವತಿಕಾಯಿಯದು, ಬಲಗಾಲಿನದರಲ್ಲಿ ಹೀರಿಕಾಯಿಯದು. ಇಲಿ ಮುಟ್ಟಲಿಲ್ಲ, ಹಸಿ ತಗಲಲಿಲ್ಲ. ಮುಂಗಾರಿನ ಮಿರಗದ ಮಳೆ ಬಿದ್ದ ಮೇಲೆ ಓಣಿಯ ಹೆಣ್ಣುಮಕ್ಕಳು ಬೋಗುಣಿ ಹಿಡಿದು ಬಾಗಿಲಿಗೆ ಬಂದು, "ನಿಂಗವ್ವಾ, ಬಲಗಾಲಾಗಿನೂ ಒಂದ ಹಿಡಿ ಕೊಡ," ಎನ್ನುತ್ತಿದ್ದರು. ಆ ವರ್ಷ ಓಣಿಯ ಎಲ್ಲ ಹಿತ್ತಲಿನಲ್ಲಿಯೂ ಹೀರಿಕಾಯಿ ಹುಲುಸಾಗಿ ಬಂತು.